ಕಾಗಿಣೆಯ ಬಾಣಂತಿ ಮೀನು

ಹೋದ ವಾರ ನನ್ನ ಮೊಣಕಾಲು ನೋವಿಗೆಂದು ಮಗಳು ಎಲ್ಲಿಂದಲೋ ಲಕ್ಕಿ ಗಿಡದ ಎಲೆ, ನಮ್ಮ ಕಡೆಯ ಮಾತಿನಲ್ಲಿ ತಪ್ಪಲು, ತಂದು ನೀರಿಗೆ ಹಾಕಿ ಕುದಿಸಿದಳು. ಮನೆಯೆಲ್ಲ ಆ ಕಹಿ ಘಾಟು ತುಂಬಿತು. ಅವಳಿಗೆ ಅದು ಔಷಧಿಯ ವಾಸನೆ. ನನಗೆ ಮೀನಿನ ನೆನಪಾಯಿತು. ಮೀನು ಬೇಯುವ ಮನೆಯಲ್ಲಿ ನೀರು ಕೂಡ ಮುಟ್ಟದ ಮನೆತನದಲ್ಲಿ ಹುಟ್ಟಿದವನು ನಾನು. ಆದರೂ ಲಕ್ಕಿ ಎಂದರೆ ನನಗೆ ಮೀನು. ಕಾರಣ ಒಬ್ಬ ಮುದುಕ. ಅವನು ಹೊಳೆಯಿಂದ ಮೇಲೆ ಬಂದವನೇ ದಂಡೆಯ ಲಕ್ಕಿ ಗಿಡದಿಂದ ಒಂದು ಹಿಡಿ ತಪ್ಪಲು ಕಿತ್ತು, ಅಂಗೈಗಳ ನಡುವೆ ಹೊಸಕಿ, ಮೊಣಕೈತನಕ ತಿಕ್ಕಿಕೊಂಡು, ಆಮೇಲೆ ನನ್ನ ಹತ್ತಿರ ಬಂದು ಕೂರುತ್ತಿದ್ದ. ಹತ್ತಿರ ಎಂದರೆ ನಾಲ್ಕು ಮಾರು ದೂರ. ತನ್ನ ಕೈಯ ಮೀನಿನ ವಾಸನೆ ನನಗೆ ತಟ್ಟಬಾರದೆಂದು ಹಾಗೆ ಮಾಡುತ್ತಿದ್ದ.

ಊರಿನವರೆಲ್ಲ ಅವನನ್ನು ಮುತ್ಯಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅಂಬಿಗರವನು. ಚಿತ್ತಾಪುರದಿಂದ ನಡೆದು ಹೋಗುವಷ್ಟು ದೂರದಲ್ಲಿ, ಕಾಗಿಣಾ ಹೊಳೆಯ ಒಂದು ತಿರುವಿನಲ್ಲಿ ಒಂದು ಮಡು ಇತ್ತು. ಬೇಸಿಗೆಯಲ್ಲಿ ಹೊಳೆ ಎಲ್ಲ ಕಡೆ ಬತ್ತಿದರೂ ಅಲ್ಲಿ ನೀರು ನಿಲ್ಲುತ್ತಿತ್ತು. ಆ ಮಡುವಿನಲ್ಲಿ ಬಲೆ ಹಾಕುವ ಹಕ್ಕು ತಲೆತಲಾಂತರದಿಂದ ಅವನ ಮನೆತನದ್ದು.

ನಾನು ಹೇಳುತ್ತಿರುವುದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ಮಾತು. ಯಾವ ವರ್ಷ ಎಂದು ಕೇಳಿದರೆ ಹೇಳಲಾರೆ. ಪೊಲೀಸ್ ಕಾರ್ಯಾಚರಣೆಗೆ ನಾಲ್ಕೈದು ವರ್ಷ ಮೊದಲು ಇರಬೇಕು... ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ಭರವಸೆಯಿಲ್ಲ. ಎಲ್ಲಿ ಭರವಸೆಯಿದೆ, ಎಲ್ಲಿ ಇಲ್ಲ ಎಂಬುದನ್ನು ಮಾತ್ರ ಹೇಳುತ್ತ ಹೋಗುತ್ತೇನೆ.

ನಾನಾಗ ಹೈದರಾಬಾದಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ನಮ್ಮ ಪ್ರೊಫೆಸರರು ಒಂದು ದೊಡ್ಡ ಉರ್ದು ಪದಕೋಶ ಸಿದ್ಧಮಾಡುತ್ತಿದ್ದರು. ಮೀನಿಗೂ ಗಿಡಕ್ಕೂ ಅರಬ್ಬಿ, ಫಾರಸಿ ಹೆಸರುಗಳು ಅವರ ಬಳಿ ಬೇಕಾದಷ್ಟಿದ್ದವು. ನಿಜಾಮರ ರಿಯಾಸತ್ತಿನ ಜನ ಅವನ್ನು ಏನೆಂದು ಕರೆಯುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬೇಸಿಗೆ ರಜೆಗೆ ಊರಿಗೆ ಹೊರಟ ವಿದ್ಯಾರ್ಥಿಗಳ ಕೈಗೆ ಅವರು ಅಚ್ಚು ಹಾಕಿಸಿದ ಹಾಳೆಗಳ ಕಟ್ಟು ಕೊಟ್ಟರು. ಸ್ಥಳೀಯ ಹೆಸರು, ಗಾತ್ರ, ಬಣ್ಣ, ಸಿಗುವ ಜಾಗ, ಉಪಯೋಗ ಎಂದು ಖಾನೆಗಳು. ಕೊನೆಯ ಖಾನೆ 'ಚಶ್ಮದೀದ್', ಅಂದರೆ ಕಣ್ಣಾರೆ ಕಂಡದ್ದು. ಕಂಡಿದ್ದನ್ನು ಮಾತ್ರ ಬರೆಯಿರಿ, ಕೇಳಿದ್ದನ್ನೆಲ್ಲ ಬರೆದರೆ ಅದು ಪದಕೋಶವಾಗುವುದಿಲ್ಲ, ಅಜ್ಜಿಕಥೆಯಾಗುತ್ತದೆ ಎಂದಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು. ಆ ವಯಸ್ಸಿನಲ್ಲಿ ನಾನು ದೇವರನ್ನೂ ಅದೇ ಖಾನೆಯಲ್ಲಿಟ್ಟು ನೋಡುತ್ತಿದ್ದೆ.

ಮೊದಲ ಹದಿನೈದು ದಿನ ಗಿಡಗಳ ಹಿಂದೆ ಅಲೆದೆ. ಚಿಂಚೋಳಿ ಕಾಡಿನ ಕಡೆ ಹೋಗಿ ಬಂದೆ. ಕಾಳಗಿಯಲ್ಲಿ ಒಬ್ಬ ಹಕೀಮರ ಅಂಗಡಿಯಲ್ಲಿ ಕೂತೆ. ನಾವು ಲಕ್ಕಿ ಎನ್ನುವುದನ್ನು ಸೇಡಂ ಗಡಿಯವರು ವಾವಿಲಿ ಎಂದರು, ಹಕೀಮರು ಸಂಭಾಲು ಎಂದರು. ಆಮೇಲೆ ಮೀನಿಗೆ ಬಂದೆ. ಹೊಳೆಯ ಆ ಭಾಗ ಜಾಗೀರಿಗೆ ಸೇರಿತ್ತು. ಜಾಗೀರುದಾರರು ಹೈದರಾಬಾದಿನಲ್ಲಿರುತ್ತಿದ್ದರು, ಇಲ್ಲಿಯದನ್ನೆಲ್ಲ ನೋಡಿಕೊಳ್ಳುವವರು ನಾಯಬರು. ಅಪ್ಪ ಅವರ ಕೈಕೆಳಗೆ ದಫ್ತರದಲ್ಲಿ ಕಾಗದಪತ್ರ ಬರೆಯುವ ಮುನ್ಷಿ. ಪರವಾನಗಿಗೆಂದು ಅಪ್ಪ ನನ್ನನ್ನು ನಾಯಬರ ಮುಂದೆ ನಿಲ್ಲಿಸಿದರು.

ನಾಯಬರು ಹಾಳೆಗಳನ್ನು ತಿರುವಿ ನೋಡಿ ನಕ್ಕರು. "ಮುನ್ಷಿ ಸಾಬ್, ನಿಮ್ಮ ಮಗ ಮೀನ ಹೆಂಗ ನೋಡ್ತಾನ? ಮೂಗ ಹಿಡಕೊಂಡೇನು?" ಎಂದರು. ಅಪ್ಪನೂ ನಕ್ಕರು, ನಗಬೇಕಿತ್ತು. ನಾಯಬರ ಬೆರಳು ಕೊನೆಯ ಖಾನೆಯ ಮೇಲೆ ನಿಂತಿತು. "ಹೋಗೋದು ಹೋಗ್ಲಿಕತ್ತೀರಿ, ಆ ಮುದುಕಂದು ಬಾಣಂತಿ ಮೀನ ಅಂತ ಒಂದದ, ಅದನ್ನ ನೋಡಿ ಬರ್ರಿ. ನೀವು ಚಶ್ಮದೀದ್ ಅಂತ ಬರದ್ರಿ ಅಂದ್ರ ನಾ ಮುಂದ ಮಾತಾಡಂಗಿಲ್ಲ."

ವಿಷಯ ಹೀಗಿತ್ತು. ಮಡುವಿನ ಹಕ್ಕಿಗೆ ಪ್ರತಿಯಾಗಿ ಮುತ್ಯಾನ ಮನೆಯವರು ವರ್ಷಕ್ಕೊಮ್ಮೆ, ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ದಿನ, ಜಾಗೀರಿನ ಅಡುಗೆಮನೆಗೆ ಒಂದು ಬಾಣಂತಿ ಮೀನು ಮುಟ್ಟಿಸಬೇಕು. ನಮ್ಮ ಕಡೆ ಮೀನು ತಿನ್ನುವವರು ಮಿರಗದ ದಿನ ಮೀನು ತಿನ್ನದೆ ಇರುವುದಿಲ್ಲ. ಆದರೆ ಮೂರು ವರ್ಷದಿಂದ ಆ ಮೀನು ಬಂದಿರಲಿಲ್ಲ. ಮುತ್ಯಾ ಬೇರೆ ಮೀನು ತಂದಿದ್ದ, ನಾಯಬರು ತಿರುಗಿ ಕಳಿಸಿದ್ದರು. ಅವರು ಈ ಜಾಗೀರಿಗೆ ಬಂದದ್ದೂ ಮೂರು ವರ್ಷದ ಹಿಂದೆಯೇ, ಹಳೆಯ ಅಡುಗೆಯವ, ಬಾವರ್ಚಿ, ಅದಕ್ಕೂ ಮೊದಲೇ ತೀರಿಕೊಂಡಿದ್ದ. ಅಪ್ಪನಂಥವರು ಆ ಅಡುಗೆಮನೆಯ ಕಡೆ ಹಾಯುತ್ತಲೇ ಇರಲಿಲ್ಲ. ಹಾಗಾಗಿ ಆ ಮೀನನ್ನು ಕಂಡವರು ದಫ್ತರದಲ್ಲಿ ಯಾರೂ ಇರಲಿಲ್ಲ. ಅಂಥ ಮೀನೇ ಇಲ್ಲ, ಇಲ್ಲದ ಮೀನಿನ ಹೆಸರಲ್ಲಿ ಇವರು ಮಡು ಉಣ್ಣುತ್ತಿದ್ದಾರೆ ಎಂಬುದು ನಾಯಬರ ವಾದ. ಈ ಮಿರಗಕ್ಕೆ ಮೀನು ಬರಬೇಕು. ಇಲ್ಲವೇ ಮೀನು ಇದೆ ಎಂದು ಓದಿದವನೊಬ್ಬ ಹೇಳಬೇಕು. ಎರಡೂ ಆಗದಿದ್ದರೆ ಮಡು ಬೇರೆಯವರಿಗೆ.

ನಾನು ಹೊಳೆಗೆ ಹೋಗುವ ಮೊದಲೇ ಈ ಮಾತು ಮುತ್ಯಾನಿಗೆ ತಲುಪಿತ್ತು. ದಂಡೆಯಲ್ಲಿ ನನಗಾಗಿ ಒಂದು ಕಲ್ಲನ್ನು ತೊಳೆದು ಇಟ್ಟಿದ್ದ.

ಅವನ ಜೊತೆ ಅವನ ಸೊಸೆ ಇರುತ್ತಿದ್ದಳು. ಗಂಡ ತೀರಿಕೊಂಡಿದ್ದ. ಮಾವ ಹಿಡಿದ ಮೀನನ್ನು ಊರೂರಿಗೆ ಹೊತ್ತು ಮಾರುವುದು, ಬಲೆ ಹೆಣೆಯುವುದು ಅವಳ ಕೆಲಸ. ನಾನು ಕಲ್ಲಿನ ಮೇಲೆ ಹಾಳೆ ಹರಡಿಕೊಂಡು, ಮೀನನ್ನು ದೂರದಿಂದ ತೋರಿಸಲು ಹೇಳಿದಾಗ ಅವಳು ಬಲೆಯಿಂದ ತಲೆ ಎತ್ತದೆಯೇ, "ಹೆಣ್ಣ ನೋಡಾಕ ಬಂದು ಕಣ್ಣ ಮುಚ್ಚಿಕೊಂಡಂಗಾತು ನೋಡ್ರಿ ಸಾಹೇಬ್ರ," ಎಂದಳು. ಮುತ್ಯಾ ಅವಳನ್ನು ಗದರಿಸಿದ. ಗದರಿಸುತ್ತ ನಕ್ಕ.

ಅವನು ಹೆಸರು ಹೇಳುವ ರೀತಿಯೇ ಬೇರೆ. ನಾನು ಮೀನಿನ ಬಣ್ಣ, ರೆಕ್ಕೆ ನೋಡುತ್ತಿದ್ದೆ. ಅವನು ಅದು ಎಲ್ಲಿರುತ್ತದೆ, ಯಾವಾಗ ಹೊರಬರುತ್ತದೆ, ಕೈಗೆ ಹೇಗೆ ತಾಕುತ್ತದೆ ಎಂಬುದರಿಂದ ಶುರುಮಾಡುತ್ತಿದ್ದ. ಚೇಳುಮೀನು, ಹಾವುಮೀನು, ಬಾಳೆಮೀನು. ಸೇಡಂ ಕಡೆಯವರು ಕೊರ್ರಮೀನು ಎನ್ನುವುದಕ್ಕೆ ಮರಾಠಿ ಮಾತಿನವರು ಮರಳ ಎನ್ನುವುದೂ ಅವನಿಗೆ ಗೊತ್ತಿತ್ತು. ನಾನು ಮೂರು ದಿನ ಬಿಟ್ಟು ಅವೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳುತ್ತಿದ್ದೆ. ಹೇಳಿಕೆಯನ್ನು ಪರೀಕ್ಷಿಸುವ ಕ್ರಮ ಅದು, ಹೈದರಾಬಾದಿನಲ್ಲಿ ಕಲಿಸಿದ್ದರು. ಎರಡನೆಯ ಸಲಕ್ಕೇ ಅವನಿಗೆ ತಿಳಿಯಿತು.

"ಮೊನ್ನಿ ಕೇಳಿದ್ದೇ ಕೇಳ್ಲಿಕತ್ತೀರಿ. ಮರತೀರೋ, ನಂಬಿಗಿ ಇಲ್ಲೋ?"

ಮರೆತೆ ಎಂದು ಸುಳ್ಳು ಹೇಳಿದೆ.

"ಹಂಗಾದ್ರ ಮತ್ತ ಹೇಳ್ತೀನಿ, ತಗೋರಿ," ಎಂದು ಮೊದಲಿನಿಂದ ಒಂದೂ ತಪ್ಪದೆ ಹೇಳಿದ.

ಬಾಣಂತಿ ಮೀನಿನ ಮಾತನ್ನು ಅವನಾಗಿ ಎತ್ತಲಿಲ್ಲ, ನಾನೇ ಎತ್ತಿದೆ. ಶಹಾಬಾದ ಕಡೆಯ ಹಾಸುಗಲ್ಲು ಕಂಡವರಿಗೆ ಆ ಜಾಗ ಹೇಗಿತ್ತೆಂದು ಹೇಳುವುದು ಸುಲಭ. ಮಡುವಿನ ಒಂದು ದಂಡೆಯೆಲ್ಲ ಅಂಥದೇ ಕಲ್ಲು, ರೊಟ್ಟಿ ಒಟ್ಟಿದ ಹಾಗೆ ಪದರದ ಮೇಲೆ ಪದರ. ಪದರಗಳ ನಡುವೆ ಸಂದಿ. ಬೇಸಿಗೆಯಲ್ಲಿ ನೀರು ಇಳಿಯುತ್ತ ಬಂದಾಗ ಈ ಮೀನು ಅಂಥ ಒಂದು ಸಂದಿಯೊಳಗೆ ಹೋಗಿ ಮೊಟ್ಟೆ ಇಟ್ಟು, ಮರಿಗಳನ್ನು ಕಾಯುತ್ತ ಅಲ್ಲೇ ಉಳಿಯುತ್ತದೆ, ಮಳೆಯ ಹೊಸ ನೀರು ಬಂದು ತಾಕುವತನಕ ಹೊರಗೆ ಬರುವುದಿಲ್ಲ ಎಂದ. ಅದಕ್ಕೇ ಬಾಣಂತಿ. ಒಳಗಿರುವಾಗ ಅದನ್ನು ಯಾರೂ ಎಳೆಯುವಂತಿಲ್ಲ, ಅವರಲ್ಲಿ ಅದು ಕಟ್ಟಳೆ. ಹಿಂದೆಲ್ಲ ಮಿರಗಕ್ಕೆ ಮೊದಲೇ ಒಂದೆರಡು ದೊಡ್ಡ ಮಳೆ ಆಗುತ್ತಿದ್ದವು, ಮೀನು ಹೊರಗೆ ಬಂದಿರುತ್ತಿತ್ತು, ಜಾಗೀರಿಗೆ ಮುಟ್ಟುತ್ತಿತ್ತು. ಮೂರು ವರ್ಷದಿಂದ ಮಿರಗ ಒಣಗಿಯೇ ಕೂಡುತ್ತಿತ್ತು.

ಲೆಕ್ಕ ಸರಿಯಾಗಿಯೇ ಇತ್ತು. ಬಹಳ ಸರಿಯಾಗಿತ್ತು ಎಂದೇ ನನಗೆ ಸಂಶಯ ಬಂತು. ತೋರಿಸಲಾಗದ ಮೀನು, ತೋರಿಸಲಾಗದ್ದಕ್ಕೆ ಒಂದು ಕಟ್ಟಳೆ...

ಮಿರಗಕ್ಕೆ ನಾಲ್ಕು ದಿನ ಇರಬೇಕು, ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಬೆಳಗಿನ ಹೊತ್ತು ನಾನು ಹೋದಾಗ ಮುತ್ಯಾ ಮಡುವಿನಲ್ಲಿದ್ದ. ತೊಡೆಮಟ್ಟದ ನೀರಿನಲ್ಲಿ ಮೊಣಕಾಲೂರಿ, ಬಲಗೈಯನ್ನು ಭುಜದತನಕ ಸಂದಿಯೊಳಗೆ ಹಾಕಿ, ಕೆನ್ನೆಯನ್ನು ಕಲ್ಲಿಗೆ ಒತ್ತಿಕೊಂಡಿದ್ದ. ಸೊಸೆ ದಂಡೆಯ ಮೇಲೆ ನಿಂತಿದ್ದಳು.

"ಅದಾಳ," ಎಂದ ಮುತ್ಯಾ. ದೊಡ್ಡ ದನಿಯಲ್ಲಲ್ಲ. "ಬರ್ರಿ ಸಾಹೇಬ್ರ. ನನ್ನ ಕೈ ಗುಂಟ ನಿಮ್ಮ ಕೈ ತರ್ರಿ. ಮೆಲ್ಲಕ. ಬೆನ್ನ ಮುಟ್ಟಿದ್ರ ಸಾಕು."

ಹೊರಗೆ ತೆಗೆ, ನೋಡಿ ಬರೆದುಕೊಳ್ಳುತ್ತೇನೆ, ಮತ್ತೆ ಬಿಟ್ಟುಬಿಡು ಎಂದೆ.

"ಬಾಣಂತಿನ್ನ ಕೋಣಿಯೊಳಗಿಂದ ಎಳಕೊಂಡ ಬಂದು ತೋರಸ್ತಾರೇನ್ರಿ?"

"ತೋರಸ್ರಿ ಮಾವ, ಒಂದ ಗಳಿಗಿ," ಎಂದಳು ಸೊಸೆ. "ಅಕಿ ಏನು ಪಂಚಾಯತಿ ಕರೀತಾಳ? ಮಡು ಹೋತು ಅಂದ್ರ ನಾವು ಎಲ್ಲಿಗಿ ಹೋಗೂದು?"

"ಹೊರಗ ತಗದ್ರ ಅಕಿ ತಿರುಗಿ ಒಳಗ ಹೋಗಂಗಿಲ್ಲವ್ವಾ. ಮರಿ ಒಂದೂ ಉಳ್ಯಂಗಿಲ್ಲ. ಆಮ್ಯಾಲ ಈ ಮಡು ಇಟಗೊಂಡು ನಾ ಏನ ಮಾಡ್ಲಿ?"

ಅವಳು ನನ್ನ ಕಡೆ ತಿರುಗಿದಳು. ಅಣಕಿಸುವ ದನಿ ಹೋಗಿತ್ತು. "ನೀವರೆ ಇಳೀರಿ ಸಾಹೇಬ್ರ. ಕೈ ತೊಳಕೊಂಡ್ರ ಹೋಗ್ತದ."

ನಾನು ಜೋಡು ಬಿಟ್ಟು, ಧೋತರ ಎತ್ತಿ ಕಟ್ಟಿ, ನೀರಿಗೆ ಇಳಿದೆ. ಇದು ಖಚಿತ. ನೀರು ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ಇತ್ತು, ಇದೂ ಖಚಿತ. ಇಲ್ಲಿಂದ ಮುಂದೆ ನನ್ನಲ್ಲಿ ಎರಡು ನೆನಪುಗಳಿವೆ.

ಒಂದರಲ್ಲಿ ನಾನು ಎರಡು ಹೆಜ್ಜೆ ಇಟ್ಟು ನಿಲ್ಲುತ್ತೇನೆ. ಮುಟ್ಟಿದ್ದು ಕಂಡದ್ದಾಗುವುದಿಲ್ಲ, ಖಾನೆಯಲ್ಲಿ ಬರೆದಿರುವುದು ಕಣ್ಣು, ಕೈಯಲ್ಲ ಎಂದು ವಿವರಿಸುತ್ತೇನೆ. ಮುತ್ಯಾ ಕೆನ್ನೆ ಕಲ್ಲಿನ ಮೇಲಿಟ್ಟುಕೊಂಡೇ ಕೇಳಿಸಿಕೊಳ್ಳುತ್ತಾನೆ. ನಾನು ದಂಡೆಗೆ ಮರಳುತ್ತೇನೆ.

ಇನ್ನೊಂದರಲ್ಲಿ ನಾನು ಅವನ ತೋಳಿನ ಗುಂಟ ಕೈ ಜಾರಿಸುತ್ತೇನೆ. ಅವನ ಮೊಣಕೈ, ಮುಂಗೈ, ಬೆರಳುಗಳು. ಬೆರಳುಗಳಾಚೆ ತಣ್ಣನೆಯದು ಒಂದು, ನನ್ನ ಮುಂಗೈಯಷ್ಟು ದಪ್ಪ. ಅದು ಓಡುವುದಿಲ್ಲ, ನನ್ನ ಅಂಗೈಗೆ ಎದುರಾಗಿ ಒತ್ತುತ್ತದೆ, ಬಾಗಿಲು ಹಾಕಿಕೊಳ್ಳುವವರು ಒಳಗಿನಿಂದ ಒತ್ತುವ ಹಾಗೆ...

ಎರಡೂ ನಡೆದಿರಲು ಸಾಧ್ಯವಿಲ್ಲ. ಎರಡೂ ಒಂದೇ ಸಮ ಸ್ಪಷ್ಟವಾಗಿವೆ.

ಆ ವರ್ಷವೂ ಮಿರಗ ಒಣಗಿಯೇ ಕೂಡಿತು. ಆ ದಿನ ಬೆಳಿಗ್ಗೆ ರೊಟ್ಟಿ ತಿನ್ನುವಾಗ ಅಪ್ಪ, "ಕೇಳಿದ್ದಕ್ಕ ಅಷ್ಟ ಜವಾಬ ಕೊಡು," ಎಂದರು. ಮಡುವಿಗೆ ಶಹಾಬಾದದ ಒಬ್ಬ ಗುತ್ತಿಗೆದಾರನನ್ನು ನಾಯಬರು ಆಗಲೇ ಗೊತ್ತುಮಾಡಿದ್ದರೆಂದು ಆಮೇಲೆ ತಿಳಿಯಿತು. ಅಪ್ಪನಿಗೆ ಅಂದೇ ಗೊತ್ತಿತ್ತೇನೋ. ದಫ್ತರದ ಪಡಸಾಲೆಯ ಕೆಳಗೆ ಮುತ್ಯಾ ಕೈಕಟ್ಟಿ ನಿಂತಿದ್ದ. ಒಣಗಿದ ಲಕ್ಕಿಯ ಚೂರು ಮುಂಗೈಗೆ ಅಂಟಿತ್ತು. ಹೊಳೆಗೆ ಹೋಗದ ದಿನವೂ ತಿಕ್ಕಿಕೊಂಡು ಬಂದಿದ್ದ.

ನಾಯಬರು ಸುತ್ತುಬಳಸಿ ಕೇಳಲಿಲ್ಲ. "ಕಂಡೀರೇನು?"

"ಕಂಡಿಲ್ಲ," ಎಂದೆ.

ನಾಯಬರು ಮುತ್ಯಾನ ಕಡೆ ನೋಡಿದರು. ಅವನು, "ಖರೇ ಅದ ಹುಜೂರ್. ಅವರು ಕಂಡಿಲ್ಲ," ಎಂದ.

ಎಷ್ಟೋ ವರ್ಷ ನಾನು ಈ ಮಾತನ್ನು ನನ್ನ ಪರವಾದ ಸಾಕ್ಷಿ ಎಂದುಕೊಂಡಿದ್ದೆ. ನಾನು ಮುಟ್ಟಿದ್ದೇ ಆಗಿದ್ದರೆ, 'ಕಂಡಿಲ್ಲ, ಮುಟ್ಯಾರ' ಎಂದು ಅವನು ಹೇಳಬಹುದಿತ್ತಲ್ಲ, ಹೇಳಲಿಲ್ಲ. ಆದ್ದರಿಂದ ನಾನು ಮುಟ್ಟಿರಲಿಲ್ಲ. ಆಮೇಲೆ ಒಂದು ದಿನ ಬೇರೆ ರೀತಿ ಹೊಳೆಯಿತು. ಮುಟ್ಟಿದ್ದನ್ನು ಹೇಳಬೇಕಾದವನು ನಾನು. ನಾನು ಹೇಳದೆ ಹೋದಾಗ, ಮುನ್ಷಿಯ ಮಗನನ್ನು ನಾಲ್ಕು ಜನರ ಮುಂದೆ, ಅದೂ ಅವನ ಅಪ್ಪನ ಮುಂದೆ, ಮೀನು ಮುಟ್ಟಿದವನು ಎಂದು ಕೂಗಿ ಹೇಳುವುದು ಆ ಮುದುಕನಿಂದ ಆಗದ ಕೆಲಸ. ಮಡು ಹೋದರೂ ಆಗದ ಕೆಲಸ.

ಮಡು ಹೋಯಿತು. ನಾನು ಹೈದರಾಬಾದಿಗೆ ಮರಳಿದೆ. ದಸರೆಗೆ ಊರಿಗೆ ಬಂದಾಗ ಮುತ್ಯಾ ಮತ್ತು ಸೊಸೆ ವಾಡಿಗೆ ಹೋಗಿದ್ದರು, ರೈಲು ಜಂಕ್ಷನ್ನಿನಲ್ಲಿ ಹಮಾಲಿ ಕೆಲಸಕ್ಕೆ. ಅಪ್ಪ ಊಟದ ನಡುವೆ ಹೇಳಿದರು, ಮತ್ತೆ ಸಾರು ಕೇಳಿದರು.

ನನ್ನ ಪಟ್ಟಿಯನ್ನು ಪ್ರೊಫೆಸರರು ಮೆಚ್ಚಿಕೊಂಡರು. ಅದರ ನಕಲು ಬಹಳ ಕಾಲ ನನ್ನ ಹತ್ತಿರ ಇತ್ತು. ನಡುವಯಸ್ಸಿನಲ್ಲಿ ಒಮ್ಮೆ ಅದನ್ನು ಪೂರ್ತಿ ಓದಿದೆ. ಚಿಂಚೋಳಿ ಕಾಡಿನ ಗಿಡಗಳಲ್ಲಿ ಹನ್ನೊಂದನ್ನು ನಾನು ಕಂಡೇ ಇರಲಿಲ್ಲ. ಕಾಡಿನ ಕಾವಲುಗಾರನೊಬ್ಬ ಚಹಾದಂಗಡಿಯಲ್ಲಿ ಕೂತು ಹೇಳಿದ್ದನ್ನು ಬರೆದುಕೊಂಡಿದ್ದೆ. ಕಾಳಗಿಯ ಹಕೀಮರು ಹೇಳಿದ ಬೇರುಗಳೂ ಹಾಗೆಯೇ. ಎಲ್ಲದರ ಮುಂದೆ ನನ್ನದೇ ಅಕ್ಷರದಲ್ಲಿ ಚಶ್ಮದೀದ್ ಎಂದಿತ್ತು. ಕಾವಲುಗಾರ ಸರ್ಕಾರಿ ಅಂಗಿ ಹಾಕಿದ್ದ. ಹಕೀಮರ ಹಿಂದೆ ಪುಸ್ತಕಗಳ ಕಪಾಟು ಇತ್ತು. ಅವರನ್ನು ನಾನು ಎರಡನೆಯ ಸಲ ಕೇಳಿರಲಿಲ್ಲ. ಕೆಲಸದ ನಿಯಮ ಎಂದು ನಾನು ಹಿಡಿದುಕೊಂಡದ್ದನ್ನು ಒಬ್ಬನ ಮೇಲೆ ಮಾತ್ರ ಬಳಸಿದ್ದೆ. ಅದಕ್ಕೆ ನಿಯಮ ಎನ್ನುವುದಿಲ್ಲ.

ಅವ್ವ ತೀರಿಕೊಳ್ಳುವ ಮುಂಚಿನ ವರ್ಷ, ಯಾವುದೋ ಮಾತಿಗೆ, "ನೀ ಆ ಹೊಳಿಂದ ಬಂದು ಬಾವಿ ಕಟ್ಟಿಮ್ಯಾಲ ಎಷ್ಟೊತ್ತು ಕೈ ತಿಕ್ಕತಿದ್ದಿ, ಚರ್ಮ ಕೆಂಪಾಗಿತ್ತು," ಎಂದಳು. ಯಾವ ದಿನ ಎಂದು ಕೇಳಿದೆ. ಅವಳಿಗೆ ನೆನಪಿರಲಿಲ್ಲ. ಹೊಳೆಗೆ ಹೋದ ದಿನವೆಲ್ಲ ನಾನು ಕೈ ತೊಳೆಯುತ್ತಿದ್ದೆ, ಏನೂ ಮುಟ್ಟದಿದ್ದರೂ. ಇದರಿಂದ ಯಾವುದೂ ಸಾಬೀತಾಗುವುದಿಲ್ಲ.

ಬಾಣಂತಿ ಮೀನು ಎಂಬುದೊಂದು ಇತ್ತೋ ಇಲ್ಲವೋ ನಾನು ಹೇಳಲಾರೆ. ನಂತರ ಕಾಗಿಣೆಯ ದಂಡೆಯಲ್ಲಿ ಬಲೆ ಹಾಕುವ ಕೆಲವರನ್ನು ಕೇಳಿದ್ದೇನೆ, ಹೆಸರು ಕೇಳಿಲ್ಲ ಎಂದರು. ಮಡುವಿನ ದಂಡೆಯ ಹಾಸುಗಲ್ಲನ್ನು ಯಾರೋ ಎಬ್ಬಿಸಿ ಸಾಗಿಸಿದ್ದಾರೆ. ಕೈ ಹಾಕಿ ನೋಡೋಣ ಎಂದರೆ ಸಂದಿಯೇ ಇಲ್ಲ.

ಆದರೆ ಒಂದು ವಿಷಯ ಬೇರೆ ರೀತಿಯಲ್ಲಿ ತಿಳಿಯಬಹುದಿತ್ತು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿರಬೇಕು, ವಾಡಿಯಲ್ಲಿ ಗಾಡಿ ಬದಲಿಸಲು ಇಳಿದಿದ್ದೆ. ಚಿತ್ತಾಪುರದ ಗಾಡಿ ತಡವಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

"ಮೀನ ಬರಕೊಳ್ಳೋ ಸಾಹೇಬ್ರಲ್ಲೇನ್ರಿ?"

ಮುತ್ಯಾನ ಸೊಸೆ. ತಲೆ ಅರ್ಧ ಬೆಳ್ಳಗಾಗಿತ್ತು. ನಾನು ಅವಳೆದುರು ನನ್ನ ಪೆಟ್ಟಿಗೆಯ ಮೇಲೆ ಕೂತೆ. ಮುತ್ಯಾ ಹೇಗಿದ್ದಾನೆ ಎಂದು ಕೇಳಿದೆ.

"ಮಾವ ಹೋಗಿ ಭಾಳ ವರ್ಷ ಆತ್ರಿ. ಇಲ್ಲಿ ಬಂದ ಮ್ಯಾಲ ಮೀನ ತಿನ್ನೂದು ಬಿಟ್ಟಿದ್ದ. ಯಾಕ ಅಂತ ಕೇಳಿದ್ರ, ಕೊಂಡದ್ದು ತಿನ್ನಂಗಿಲ್ಲ, ಹಿಡದದ್ದು ತಿಂತೀನಿ ಅಂತಿದ್ದ. ಇಲ್ಲಿ ಹಿಡೀಲಿಕ್ಕಿ ಏನದ, ರೈಲ?" ಎಂದು ನಕ್ಕಳು. ಆಮೇಲೆ, "ನಿಮಗ ಒಂದ ದಿನಾನೂ ಬೈದಿಲ್ಲ ಅವ. ಬೈತಿದ್ದಾಕಿ ನಾನು," ಎಂದಳು. ಎರಡು ಸೀತಾಫಲ ಆರಿಸಿ ನನ್ನ ಕೈಯಲ್ಲಿಟ್ಟಳು.

ಅವತ್ತು ದಂಡೆಯ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದವಳು ಅವಳು. ನಾನು ಸಂದಿಯೊಳಗೆ ಕೈ ಹಾಕಿದೆನೋ ಇಲ್ಲವೋ ಎಂಬುದನ್ನು ಆಗ ಲೋಕದಲ್ಲಿ ಹೇಳಬಲ್ಲವಳು ಅವಳೊಬ್ಬಳೇ ಉಳಿದಿದ್ದಳು. ಗಾಡಿ ಬರಲು ಅರ್ಧ ತಾಸಿಗಿಂತ ಹೆಚ್ಚು ಹೊತ್ತಿತ್ತು. ನಾವು ಮಳೆಯ ಮಾತಾಡಿದೆವು, ಊರಿನಲ್ಲಿ ಯಾರಿದ್ದಾರೆ ಯಾರಿಲ್ಲ ಎಂಬ ಮಾತಾಡಿದೆವು. ನಾನು ಹಣ್ಣು ತಿಂದು ಬೀಜಗಳನ್ನು ಒಂದೊಂದಾಗಿ ಕಾಗದದ ಮೇಲೆ ಇಟ್ಟೆ. ಅವಳು ನನ್ನ ಕೈಯನ್ನು ನೋಡುತ್ತಿದ್ದಳು ಎಂದು ನೆನಪು... ಅದು ನನ್ನ ಕಲ್ಪನೆಯೂ ಇರಬಹುದು. ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಲ್ಲ. ಗಾಡಿ ಬಂತು, ಹತ್ತಿದೆ.

ಈಗ ಅವಳೂ ಇರಲಾರಳು, ಇದ್ದರೆ ನನಗಿಂತ ದೊಡ್ಡವಳು. ಆ ದಿನ ಮಡುವಿನ ಹತ್ತಿರ ಇದ್ದವರು ಮೂವರು. ಇಬ್ಬರು ಹೋದರು. ಉಳಿದವನು ನಾನೊಬ್ಬ, ಮತ್ತು ನನ್ನ ಮಾತನ್ನು ನಾನೇ ಎರಡನೆಯ ಸಲ ಕೇಳಿ ನೋಡಿದ್ದೇನೆ, ಬಹಳ ಸಲ ಕೇಳಿ ನೋಡಿದ್ದೇನೆ. ಒಂದು ಸಲ ಹೇಳಿದ್ದು ಇನ್ನೊಂದು ಸಲಕ್ಕೆ ಹೊಂದುವುದಿಲ್ಲ.